ಸಿಂಗಪುರದ ಸಿಲೋಸೊ ಕೋಟೆ: ಹಂತ ಹಂತವಾಗಿ ನೋಡಿ ಬರುವ ಬಗೆ

ಸಿಂಗಪುರಕ್ಕೆ ಹೋದ ನಮ್ಮವರಲ್ಲಿ ಹೆಚ್ಚಿನವರು ಸೆಂಟೋಸಾ ದ್ವೀಪಕ್ಕೆ ಹೋಗಿಯೇ ಹೋಗುತ್ತಾರೆ. ಯೂನಿವರ್ಸಲ್ ಸ್ಟುಡಿಯೋಸ್, ಕೇಬಲ್ ಕಾರ್, ಸಮುದ್ರ ತೀರ, ಇಷ್ಟರಲ್ಲೇ ದಿನ ಮುಗಿದುಹೋಗುತ್ತದೆ. ಅದೇ ದ್ವೀಪದ ಪಶ್ಚಿಮ ತುದಿಯ ಗುಡ್ಡದ ಮೇಲೆ ಎರಡನೇ ಮಹಾಯುದ್ಧ ಕಂಡ ಒಂದು ಕೋಟೆ ಇದೆ. ಫಿರಂಗಿಗಳು, ಸುರಂಗಗಳು, ಮದ್ದಿನ ಮನೆಗಳು ಎಲ್ಲವೂ ಉಳಿದಿವೆ. ಪ್ರವೇಶಕ್ಕೆ ದುಡ್ಡಿಲ್ಲ. ಜನಸಂದಣಿಯೂ ಕಡಿಮೆ. ಹೆಸರು ಫೋರ್ಟ್ ಸಿಲೋಸೊ. 2022ರ ಫೆಬ್ರುವರಿ 15ರಂದು, ಸಿಂಗಪುರ ಜಪಾನಿಗೆ ಶರಣಾಗಿ ಸರಿಯಾಗಿ 80 ವರ್ಷವಾದ ದಿನ, ಇದನ್ನು ಅಲ್ಲಿನ ಸರ್ಕಾರ ರಾಷ್ಟ್ರೀಯ ಸ್ಮಾರಕವೆಂದು ಘೋಷಿಸಿತು.

ಸುಮ್ನೆ ಸುತ್ತು ಹಾಕಿದರೆ ಅರ್ಧ ಗಂಟೆಯಲ್ಲಿ ಮುಗಿಯುತ್ತದೆ, ಆದರೆ ಏನೂ ತಲೆಗೆ ಹೋಗುವುದಿಲ್ಲ. ಒಂದೇ ಒಂದು ಪ್ರಶ್ನೆ ಹಿಡಿದುಕೊಂಡು ಹೋಗಿ: ಈ ಫಿರಂಗಿ ಯಾವ ಕಡೆ ನೋಡುತ್ತಿದೆ, ಯಾರಿಗಾಗಿ ಕಾಯುತ್ತಿತ್ತು? ಪ್ರತಿ ಫಿರಂಗಿಯ ಎದುರೂ ಇದನ್ನೇ ಕೇಳಿಕೊಂಡರೆ ಕೋಟೆಯ ಇತಿಹಾಸ ತಾನಾಗಿಯೇ ಬಿಚ್ಚಿಕೊಳ್ಳುತ್ತದೆ. ಅದಕ್ಕೆ ಬೇಕಾದ ಸಿದ್ಧತೆ, ದಾರಿ, ನೋಡುವ ಕ್ರಮ ಎಲ್ಲವೂ ಇಲ್ಲಿದೆ.

ಹಂತ 1: ಹೊರಡುವ ಮುಂಚೆ ಇಷ್ಟು ಕಥೆ ತಿಳಿದಿರಲಿ

1869ರಲ್ಲಿ ಸೂಯೆಜ್ ಕಾಲುವೆ ತೆರೆಯಿತು. ಯುರೋಪಿನಿಂದ ಪೂರ್ವಕ್ಕೆ ಬರುವ ಹಡಗುಗಳ ಸಂಖ್ಯೆ ಏರಿತು. ಉಗಿ ಹಡಗುಗಳಿಗೆ ದಾರಿಯಲ್ಲಿ ಕಲ್ಲಿದ್ದಲು ಬೇಕಲ್ಲ, ಅದನ್ನು ತುಂಬಿಕೊಳ್ಳಲು ಅವು ಸಿಂಗಪುರದಲ್ಲಿ ನಿಲ್ಲುತ್ತಿದ್ದವು. ಇಂದಿನ ಕೆಪ್ಪೆಲ್ ಬಂದರಿನ ಪಶ್ಚಿಮದ ಬಾಯಿ ತುಂಬಾ ಕಿರಿದು. ಒಂದು ದಡದಲ್ಲಿ ಈಗಿನ ಲ್ಯಾಬ್ರಡಾರ್ ಉದ್ಯಾನದ ಗುಡ್ಡ, ಇನ್ನೊಂದು ದಡದಲ್ಲಿ ಸಿಲೋಸೊ ಗುಡ್ಡ. ಎರಡರ ಮೇಲೂ ಫಿರಂಗಿ ಇಟ್ಟರೆ ನಡುವೆ ಯಾವ ಶತ್ರು ಹಡಗೂ ನುಸುಳಲಾರದು. ಆಗ ಸಿಂಗಪುರವನ್ನು ಆಳುತ್ತಿದ್ದ ಬ್ರಿಟಿಷರು ಮಾಡಿದ್ದು ಅದನ್ನೇ. ಸಿಲೋಸೊ ಗುಡ್ಡದ ತಲೆಯನ್ನು ಸಮತಟ್ಟು ಮಾಡಿ, 1880ರ ಹೊತ್ತಿಗೆ ಕೋಟೆ ಕಟ್ಟಿ ನಿಲ್ಲಿಸಿದರು.

ಆಗ ಸೆಂಟೋಸಾಕ್ಕೆ ಪುಲಾವ್ ಬ್ಲಾಕಾಂಗ್ ಮಾತಿ ಎಂಬ ಹೆಸರಿತ್ತು. ಸಿಲೋಸೊ, ಸೆರಾಪಾಂಗ್, ಕನಾಟ್, ಇಂಬಿಯಾ ಎಂದು ಆ ಪುಟ್ಟ ದ್ವೀಪದಲ್ಲೇ ನಾಲ್ಕು ಕಡೆ ಫಿರಂಗಿ ನೆಲೆಗಳಿದ್ದವು. ಇವತ್ತು ಪ್ರವಾಸಿಗರು ಹೋಗಿ ಪೂರ್ತಿ ನೋಡಬಹುದಾದದ್ದು ಸಿಲೋಸೊ ಒಂದೇ.

ಇನ್ನು ಯುದ್ಧದ ಮಾತು. 1941ರ ಡಿಸೆಂಬರ್ 8ರಂದು ಜಪಾನಿ ಸೈನ್ಯ ಮಲಯಾದ (ಇಂದಿನ ಮಲೇಷ್ಯಾದ ಭಾಗ) ಉತ್ತರದಲ್ಲಿ, ಕೋಟಾ ಬಾರುವಿನಲ್ಲಿ ಇಳಿಯಿತು. ಎರಡೇ ದಿನದಲ್ಲಿ ಬ್ರಿಟಿಷರ ಪ್ರಿನ್ಸ್ ಆಫ್ ವೇಲ್ಸ್ ಮತ್ತು ರಿಪಲ್ಸ್ ಯುದ್ಧನೌಕೆಗಳನ್ನು ಜಪಾನಿ ವಿಮಾನಗಳು ಮುಳುಗಿಸಿದವು. ಸೈನ್ಯ ಮಲಯಾದ ಉದ್ದಕ್ಕೂ ಕೆಳಗಿಳಿದು ಬಂದು, 1942ರ ಫೆಬ್ರುವರಿ 8ರ ರಾತ್ರಿ ಮಲಯಾಕ್ಕೂ ಸಿಂಗಪುರಕ್ಕೂ ನಡುವಿನ ಜೊಹೋರ್ ಜಲಸಂಧಿ ದಾಟಿತು. ಅಂದರೆ ಶತ್ರು ಬಂದದ್ದು ಹಿಂದಿನ ಬಾಗಿಲಿಂದ. ಫೆಬ್ರುವರಿ 15ಕ್ಕೆ ಎಲ್ಲ ಮುಗಿದಿತ್ತು.

ಇದರಿಂದಲೇ "ಸಿಂಗಪುರದ ಫಿರಂಗಿಗಳು ತಪ್ಪು ದಿಕ್ಕಿಗೆ ಮುಖ ಮಾಡಿ ಕೂತಿದ್ದವು" ಎಂಬ ಮಾತು ಹುಟ್ಟಿತು. ಇಂದಿಗೂ ಎಲ್ಲರ ಬಾಯಲ್ಲೂ ಇದೆ. ಇದು ಪೂರ್ತಿ ನಿಜವಲ್ಲ. ಯಾಕೆ ಎಂಬುದನ್ನು ಕೋಟೆಯ ಮೇಲೆ ನಿಂತು ನೋಡುವುದೇ ಚೆಂದ. ಐದನೇ ಹಂತದಲ್ಲಿ ಅದಕ್ಕೆ ಬರುತ್ತೇನೆ.

ಹಂತ 2: ದಿನ, ಹೊತ್ತು, ಕೈಚೀಲ

ಬೆಳಿಗ್ಗೆ 9ಕ್ಕೆ ಬಾಗಿಲು ತೆರೆಯುತ್ತದೆ. ಒಳಗಿನ ಪ್ರದರ್ಶನಗಳು ಸಂಜೆ 6ರೊಳಗೆ ಮುಚ್ಚುತ್ತವೆ. ಕೋಟೆಗೆ ಸೇರುವ ಎತ್ತರದ ಕಾಲುದಾರಿ ಮಾತ್ರ ರಾತ್ರಿಯವರೆಗೂ ತೆರೆದಿರುತ್ತದೆ. ಸಮಯ ಬದಲಾಗುವುದುಂಟು. ಹೊರಡುವ ಹಿಂದಿನ ದಿನ ಸೆಂಟೋಸಾದ ಅಧಿಕೃತ ಜಾಲತಾಣದಲ್ಲಿ ಒಮ್ಮೆ ನೋಡಿಕೊಳ್ಳಿ.

ಬೆಳಿಗ್ಗೆ 9ಕ್ಕೇ ಹೋಗಿ ಎಂಬುದು ನನ್ನ ಒತ್ತಾಯ. ಸಿಂಗಪುರ ಸಮಭಾಜಕದ ಪಕ್ಕದಲ್ಲೇ ಇದೆ, ಹನ್ನೆರಡು ತಿಂಗಳೂ ಸೆಕೆ. ಮಧ್ಯಾಹ್ನವಾದರೆ ಕಾಂಕ್ರೀಟು ಕಾದು ಕುಳಿತಿರುತ್ತದೆ, ಸುರಂಗದೊಳಗೆ ಗಾಳಿ ಆಡುವುದಿಲ್ಲ. ಮಧ್ಯಾಹ್ನದ ಮೇಲೆ ಗುಡುಗು ಮಳೆ ಬರುವ ಸಂಭವವೂ ಜಾಸ್ತಿ, ಅದರಲ್ಲೂ ನವೆಂಬರಿನಿಂದ ಜನವರಿವರೆಗೆ. ಸಿಡಿಲು ಬರುವ ಸೂಚನೆ ಇದ್ದಾಗ ಎತ್ತರದ ಕಾಲುದಾರಿ ಮೇಲೆ ನಿಲ್ಲಲೇಬೇಡಿ.

ಬೆಂಗಳೂರಿನಿಂದ ಬರುವವರಿಗೆ ಇನ್ನೊಂದು ಸೂಕ್ಷ್ಮ: ಅಲ್ಲಿನ ಗಡಿಯಾರ ನಮಗಿಂತ ಎರಡೂವರೆ ಗಂಟೆ ಮುಂದೆ. ಅಲ್ಲಿ 9 ಅಂದರೆ ನಿಮ್ಮ ಮೈಗೆ ಇನ್ನೂ ಆರೂವರೆ. ಬಂದಿಳಿದ ಮರುದಿನವೇ ಈ ಕಾರ್ಯಕ್ರಮ ಇಟ್ಟುಕೊಳ್ಳಬೇಡಿ.

ಜೊತೆಗೆ ನೀರಿನ ಬಾಟಲಿ, ಕೊಡೆ, ಸೊಳ್ಳೆಗೆ ಹಚ್ಚುವ ಕ್ರೀಮು, ಜಾರದ ಚಪ್ಪಲಿ ಅಥವಾ ಶೂ ಇರಲಿ. ಮಳೆಯಾದ ಮೇಲೆ ಇಲ್ಲಿನ ಮೆಟ್ಟಿಲುಗಳು ಪಾಚಿಯಿಂದ ಜಾರುತ್ತವೆ. ತಿಂಡಿ ತಿನ್ನುವುದನ್ನು ಕೋಟೆಗೆ ಹೋಗುವ ಮುಂಚೆಯೇ ಮುಗಿಸಿ. ಈ ಭಾಗದಲ್ಲಿ ಕೋತಿಗಳು, ನವಿಲುಗಳು ಓಡಾಡುತ್ತವೆ. ಪ್ಲಾಸ್ಟಿಕ್ ಚೀಲ ಸದ್ದು ಮಾಡಿದರೆ ಸಾಕು, ಕೋತಿಗೆ ಗೊತ್ತಾಗುತ್ತದೆ.

ಹಂತ 3: ಅಲ್ಲಿಗೆ ತಲುಪುವುದು

ನಗರದಿಂದ ಮೆಟ್ರೊ ಹಿಡಿದು ಹಾರ್ಬರ್‌ಫ್ರಂಟ್ ನಿಲ್ದಾಣದಲ್ಲಿ ಇಳಿಯಿರಿ. ನಾರ್ತ್ ಈಸ್ಟ್ ಲೈನ್, ಸರ್ಕಲ್ ಲೈನ್ ಎರಡೂ ಅಲ್ಲಿಗೆ ಬರುತ್ತವೆ. ಲಿಟ್ಲ್ ಇಂಡಿಯಾದಲ್ಲಿ ಉಳಿದುಕೊಂಡವರಿಗಂತೂ ನಾರ್ತ್ ಈಸ್ಟ್ ಲೈನಿನಲ್ಲಿ ರೈಲು ಬದಲಿಸದೆ ನೇರ ಬರಬಹುದು. ನಿಲ್ದಾಣದ ಮೇಲೆಯೇ ವಿವೋಸಿಟಿ ಎಂಬ ದೊಡ್ಡ ಮಾಲ್ ಇದೆ.

ಅಲ್ಲಿಂದ ದ್ವೀಪಕ್ಕೆ ಮೂರು ದಾರಿ. ಸೆಂಟೋಸಾ ಎಕ್ಸ್‌ಪ್ರೆಸ್ ಎಂಬ ಮೊನೊರೈಲು ಬೇಗ ತಲುಪಿಸುತ್ತದೆ. ಒಬ್ಬರಿಗೆ 4 ಸಿಂಗಪುರ ಡಾಲರ್, ವಾಪಸ್ ಬರುವಾಗ ಟಿಕೆಟ್ ಬೇಡ. ಎರಡನೆಯದು ಸೆಂಟೋಸಾ ಬೋರ್ಡ್‌ವಾಕ್. ನೀರಿನ ಮೇಲಿನ ಈ ಸೇತುವೆಯಲ್ಲಿ ಪುಕ್ಕಟೆಯಾಗಿ ನಡೆದು ಹೋಗಬಹುದು. ಮೂರನೆಯದು ಕೇಬಲ್ ಕಾರ್, ದುಬಾರಿ. ಆದರೆ ದ್ವೀಪದೊಳಗಿನ ಕೇಬಲ್ ಕಾರ್ ಸಾಲಿನ ಕೊನೆಯ ನಿಲ್ದಾಣ ಸಿಲೋಸೊ ಪಾಯಿಂಟ್, ಕೋಟೆಯ ಬುಡದಲ್ಲೇ ಇಳಿಸುತ್ತದೆ.

ಮೊನೊರೈಲಿನಲ್ಲಿ ಬಂದವರು ಕೊನೆಯ ನಿಲ್ದಾಣವಾದ ಬೀಚ್ ಸ್ಟೇಷನ್ನಿನಲ್ಲಿ ಇಳಿದು, ಸಿಲೋಸೊ ಪಾಯಿಂಟ್ ಕಡೆ ಹೋಗುವ ದ್ವೀಪದ ಬಸ್ ಹತ್ತಿ. ದ್ವೀಪದೊಳಗಿನ ಬಸ್ಸುಗಳು ಉಚಿತ. ಸಿಲೋಸೊ ಬೀಚ್ ಎಂಬ ಹೆಸರಿನ ನಿಲ್ದಾಣವೂ ಇದೆ. ಅಲ್ಲಿ ಇಳಿಯಬೇಡಿ, ಪಾಯಿಂಟ್ ಎಂದೇ ಕೇಳಿ.

ಹಂತ 4: ಮೇಲಿನಿಂದ ಶುರು ಮಾಡಿ

ಬಸ್ ಇಳಿದ ಕಡೆ ಒಂದು ಎತ್ತರದ ಗೋಪುರ ಕಾಣುತ್ತದೆ. ಅದು ಫೋರ್ಟ್ ಸಿಲೋಸೊ ಸ್ಕೈವಾಕ್. 11 ಮಹಡಿಯಷ್ಟು ಎತ್ತರ, 181 ಮೀಟರ್ ಉದ್ದ. ಲಿಫ್ಟಿನಲ್ಲಿ ಮೇಲೆ ಹೋದರೆ ಮರಗಳ ತಲೆಗಳ ಮಟ್ಟದಲ್ಲಿ ನಡೆಯುತ್ತಾ ನೇರ ಕೋಟೆ ಸೇರಬಹುದು. ಗುಡ್ಡ ಹತ್ತುವ ಕಷ್ಟವೇ ಇಲ್ಲ.

ಫೋಟೊ ತೆಗೆದು ಬೇಗ ದಾಟಿಬಿಡುವ ಜಾಗ ಇದಲ್ಲ. ನಿಂತು ಭೂಗೋಳ ಗುರುತಿಸಿಕೊಳ್ಳಿ. ಉತ್ತರಕ್ಕೆ ತಿರುಗಿದರೆ ಕಿರಿದಾದ ನೀರಿನ ಪಟ್ಟಿ, ಅದರಾಚೆ ಸಿಂಗಪುರದ ಮುಖ್ಯ ದ್ವೀಪ. ಆ ನೀರಿನ ಪಟ್ಟಿಯೇ ಬಂದರಿನ ಪಶ್ಚಿಮದ ಬಾಗಿಲು. ದಕ್ಷಿಣ, ಪಶ್ಚಿಮಕ್ಕೆ ತಿರುಗಿದರೆ ಚಿಕ್ಕ ಚಿಕ್ಕ ದ್ವೀಪಗಳು, ಸಾಲಾಗಿ ಲಂಗರು ಹಾಕಿ ನಿಂತ ಹಡಗುಗಳು. ಶತ್ರು ನೌಕೆ ಬರಬಹುದು ಎಂದು ಇಲ್ಲಿನ ಸಿಪಾಯಿಗಳು ಹಗಲೂ ರಾತ್ರಿ ನೋಡುತ್ತಿದ್ದದ್ದು ಆ ಕಡೆಗೇ. ಫೋನಿನಲ್ಲಿ ದಿಕ್ಸೂಚಿ ತೆರೆದು ಉತ್ತರ ಯಾವುದು ಎಂದು ಈಗಲೇ ಖಚಿತ ಮಾಡಿಕೊಳ್ಳಿ. ಒಳಗೆ ದಾರಿ ಸುತ್ತಿ ಸುತ್ತಿ ಹೋಗುವುದರಿಂದ ದಿಕ್ಕು ತಪ್ಪುತ್ತದೆ. ದಿಕ್ಕು ತಪ್ಪಿದರೆ ನಮ್ಮ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ.

ಹಂತ 5: ಫಿರಂಗಿಗಳನ್ನು ಓದುವುದು

ಕೋಟೆಯ ತುಂಬ ಬೇರೆ ಬೇರೆ ಕಾಲದ ಫಿರಂಗಿಗಳಿವೆ. ಎಲ್ಲವೂ ಮೊದಲಿನಿಂದ ಇಲ್ಲೇ ಇದ್ದವಲ್ಲ, ಬೇರೆಡೆಯಿಂದ ತಂದು ಇಟ್ಟವೂ ಇವೆ. ಆದ್ದರಿಂದ ಪಕ್ಕದ ಫಲಕ ಓದುವುದು ಮುಖ್ಯ. ಓದುವ ಮುಂಚೆ ಫಿರಂಗಿಯನ್ನೇ ಸ್ವಲ್ಪ ಹೊತ್ತು ನೋಡಿ. ಮೂರು ವಿಷಯ ಗಮನಿಸಿದರೆ ಕಾಲ ಯಾವುದೆಂದು ನೀವೇ ಹೇಳಬಹುದು.

ಮೊದಲನೆಯದು, ಮದ್ದುಗುಂಡು ಎಲ್ಲಿಂದ ತುಂಬುತ್ತಿದ್ದರು? ಹಿಂಭಾಗ ಪೂರ್ತಿ ಮುಚ್ಚಿ ಗುಂಡಗಿದ್ದರೆ ಅದು 19ನೇ ಶತಮಾನದ್ದು. 7 ಇಂಚಿನ (ಇಂಚಿನ ಲೆಕ್ಕ ನಳಿಗೆಯ ಒಳಗಿನ ಅಗಲದ್ದು) ಹಳೆಯ ಫಿರಂಗಿಗಳು ಹೀಗಿವೆ. ಮದ್ದಿನ ಚೀಲವನ್ನೂ ಗುಂಡನ್ನೂ ಬಾಯಿಯಿಂದಲೇ ತುರುಕಿ, ಉದ್ದನೆಯ ಕೋಲಿನಿಂದ ಒಳಕ್ಕೆ ದೂಡಬೇಕು. ಗುಂಡು ಒಂದೊಂದೂ 50 ಕಿಲೋದ ಆಸುಪಾಸು. ತುಂಬುವವನು ಪ್ರತಿಸಲವೂ ಫಿರಂಗಿಯ ಮುಂದೆ, ಅಂದರೆ ಶತ್ರುವಿಗೆ ಕಾಣುವಂತೆ ನಿಲ್ಲಬೇಕಿತ್ತು. ಹಿಂಭಾಗದಲ್ಲಿ ತೆರೆದು ಮುಚ್ಚುವ ಬಾಗಿಲು ಇದ್ದರೆ ಅದು ನಂತರದ ಕಾಲದ್ದು. 6 ಇಂಚಿನವು ಹಾಗಿವೆ.

ಎರಡನೆಯದು, ನಳಿಗೆಯ ಬಾಯೊಳಗೆ ಇಣುಕಿ. ಒಳಗೋಡೆಯಲ್ಲಿ ಸುರುಳಿ ಸುರುಳಿಯಾಗಿ ಸುತ್ತಿದ ಗೀರುಗಳು ಕಾಣುತ್ತವೆ. ಗುಂಡು ಈ ಗೀರಿನಲ್ಲಿ ತಿರುಗುತ್ತಾ ಹೊರಡುತ್ತದೆ. ತಿರುಗುವ ಗುಂಡು ಗಾಳಿಯಲ್ಲಿ ವಾಲಾಡದೆ ನೇರ ಹೋಗುತ್ತದೆ. ಹಳೆಯ 7 ಇಂಚಿನ ಗುಂಡುಗಳಿಗೆ ಮೈಮೇಲೆ ಲೋಹದ ಗುಬ್ಬಿಗಳಿರುತ್ತಿದ್ದವು. ಆ ಗುಬ್ಬಿ ಗೀರಿನಲ್ಲಿ ಕೂರುವಂತೆ ಗುಂಡನ್ನು ತಿರುಗಿಸುತ್ತಾ ಒಳಗೆ ದೂಡಬೇಕಿತ್ತು. ಮಕ್ಕಳು ಜೊತೆಗಿದ್ದರೆ ಇದನ್ನು ತೋರಿಸದೆ ಮುಂದೆ ಹೋಗಬೇಡಿ.

ಮೂರನೆಯದು, ನೆಲ ನೋಡಿ. ಫಿರಂಗಿಯ ಕೆಳಗೆ ಕಬ್ಬಿಣದ ಹಳಿ ಅಥವಾ ದುಂಡನೆಯ ಪೀಠ ಇದೆಯೇ? ಆ ಹಳಿ ಎಲ್ಲಿಂದ ಎಲ್ಲಿಯವರೆಗೆ ಹೋಗಿದೆ? ಫಿರಂಗಿ ಎಷ್ಟು ತಿರುಗಬಲ್ಲದು ಎಂಬುದನ್ನು ಅದೇ ಹೇಳುತ್ತದೆ.

"ತಪ್ಪು ದಿಕ್ಕಿನ ಫಿರಂಗಿ" ಮಾತಿಗೆ ಉತ್ತರ ಇಲ್ಲೇ ಇದೆ. ಸಿಂಗಪುರದ ಕರಾವಳಿ ಫಿರಂಗಿಗಳಲ್ಲಿ ಹಲವು ನೆಲದ ಕಡೆಗೂ ತಿರುಗಬಲ್ಲವಾಗಿದ್ದವು. 1942ರ ಫೆಬ್ರುವರಿಯಲ್ಲಿ ಸಿಲೋಸೊ ಫಿರಂಗಿಗಳನ್ನು ಒಳನಾಡಿನ ಕಡೆ ತಿರುಗಿಸಿ, ಪಶ್ಚಿಮದಿಂದ ಮುನ್ನುಗ್ಗುತ್ತಿದ್ದ ಜಪಾನಿ ಪಡೆಗಳ ಮೇಲೆ ಹಾರಿಸಿದರು. ಮುಖ್ಯ ದ್ವೀಪದ ಬೂನಾ ವಿಸ್ಟಾದಲ್ಲಿದ್ದ 15 ಇಂಚಿನ ಎರಡು ದೈತ್ಯ ಫಿರಂಗಿಗಳು ಮಾತ್ರ ಆ ಕಡೆ ತಿರುಗುವಂತಿರಲಿಲ್ಲ.

ನಿಜವಾದ ತೊಡಕು ಇದ್ದದ್ದು ಗುಂಡಿನಲ್ಲಿ. ಕರಾವಳಿ ಫಿರಂಗಿಗೆ ಕೊಟ್ಟದ್ದು ಹೆಚ್ಚಾಗಿ ಹಡಗಿನ ದಪ್ಪ ಉಕ್ಕನ್ನು ಕೊರೆದು ಒಳಹೊಕ್ಕು ಸಿಡಿಯುವ ಗುಂಡು. ಅದು ಕೆಸರು ನೆಲಕ್ಕೆ ಬಿದ್ದರೆ ಆಳಕ್ಕೆ ಹೂತುಹೋಗುತ್ತದೆ. ಬಯಲಿನಲ್ಲಿ ಹರಡಿಕೊಂಡು ಬರುವ ಸೈನಿಕರನ್ನು ತಡೆಯಲು ನೆಲಕ್ಕೆ ತಾಗಿದ ಕೂಡಲೇ ಸಿಡಿದು ಚೂರಾಗುವ ಗುಂಡು ಬೇಕು. ಅಂಥದ್ದು ತುಂಬಾ ಕಡಿಮೆ ಇತ್ತು. ಇನ್ನೊಂದು ತೊಡಕು, ಗುರಿ ಕಾಣುತ್ತಿರಲಿಲ್ಲ. ಸಮುದ್ರದಲ್ಲಿ ಹಡಗು ಕಣ್ಣಿಗೆ ಬೀಳುತ್ತದೆ. ಕಾಡು, ರಬ್ಬರ್ ತೋಟದೊಳಗಿನ ಸಿಪಾಯಿ ಕಾಣುವುದಿಲ್ಲ.

ಇಷ್ಟು ತಿಳಿದುಕೊಂಡು ಒಂದು 6 ಇಂಚಿನ ಫಿರಂಗಿಯ ಹಿಂದೆ ನಿಂತು, ಮೊದಲು ಸಮುದ್ರದ ಕಡೆ, ಆಮೇಲೆ ಬೆನ್ನ ಹಿಂದಿನ ಊರಿನ ಕಡೆ ನೋಡಿ. ಫಿರಂಗಿ ಕೂರಿಸಿದವರಿಗೆ ಬುದ್ಧಿ ಇರಲಿಲ್ಲ ಎಂಬ ಹಗುರ ಮಾತು ಎಷ್ಟು ಅನ್ಯಾಯದ್ದು ಎಂದು ಆಗ ಗೊತ್ತಾಗುತ್ತದೆ. ಅವರು ಸಮುದ್ರದ ಬಾಗಿಲನ್ನು ಚೆನ್ನಾಗಿಯೇ ಕಾದರು. ಶತ್ರು ಆ ಬಾಗಿಲಿಗೆ ಬರಲೇ ಇಲ್ಲ.

ಹಂತ 6: ಸುರಂಗ ಮತ್ತು ಮದ್ದಿನ ಮನೆ

ಬಿಸಿಲು ಏರುವ ಹೊತ್ತಿಗೆ ಸುರಂಗಗಳಿಗೆ ಇಳಿಯಿರಿ. ಒಳಗೆ ಬೆಳಕು ಮಂದ, ಕೆಲವು ಕಡೆ ದಾರಿ ಕಿರಿದು. ಇಕ್ಕಟ್ಟಾದ ಜಾಗ ಕಂಡರೆ ಎದೆ ಡವಗುಟ್ಟುವವರು ಬಾಗಿಲಲ್ಲೇ ನಿಂತು ಇಣುಕಿದರೂ ಸಾಕು. ಗುಂಡು, ಮದ್ದು ಬೇರೆ ಬೇರೆ ಕೋಣೆಗಳಲ್ಲಿ ಇರುತ್ತಿದ್ದವು. ಎರಡೂ ಒಟ್ಟಾಗುತ್ತಿದ್ದದ್ದು ಫಿರಂಗಿಯ ಹತ್ತಿರವೇ. ಒಂದು ಕಡೆ ಬೆಂಕಿ ತಗುಲಿದರೂ ಇಡೀ ಗುಡ್ಡ ಹಾರಿಹೋಗಬಾರದಲ್ಲ.

ವಿಕ್ಟೋರಿಯಾ ಕಾಲದ ಮದ್ದಿನ ಮನೆಗಳಲ್ಲಿ ದೀಪ ಇಡುತ್ತಿದ್ದ ಬಗೆ ನನಗೆ ತುಂಬಾ ಇಷ್ಟ. ವಿದ್ಯುತ್ ಇಲ್ಲದ ಕಾಲ, ಒಳಗೆ ಕಗ್ಗತ್ತಲು, ಸುತ್ತ ಕರಿಮದ್ದು. ದೀಪ ಬೇಕೇ ಬೇಕು, ಆದರೆ ಒಂದು ಕಿಡಿಯೂ ಒಳಗೆ ಬರಬಾರದು. ಅದಕ್ಕೆ ಗೋಡೆಯಲ್ಲಿ ಗೂಡು ಮಾಡಿ, ಮದ್ದಿನ ಕಡೆಗೆ ದಪ್ಪ ಗಾಜು ಕೂರಿಸಿ, ದೀಪವನ್ನು ಗಾಜಿನ ಆಚೆಯಿಂದ ಇಡುತ್ತಿದ್ದರು. ದೀಪ ಹಚ್ಚುವವನು ಓಡಾಡಲು ಬೇರೆಯೇ ದಾರಿ. ಮದ್ದಿನ ಕೋಣೆಗೆ ಹೋಗುವವನು ಬಟ್ಟೆ, ಬೂಟು ಬದಲಿಸಬೇಕಿತ್ತು. ಬೂಟಿನ ಕಬ್ಬಿಣದ ಮೊಳೆ ನೆಲಕ್ಕೆ ಉಜ್ಜಿ ಕಿಡಿ ಹಾರಿದರೆ ಮುಗಿಯಿತು. ಯಾವ ಹಳೆಯ ಕೋಟೆಗೆ ಹೋದರೂ ಗೋಡೆಯಲ್ಲಿ ಚೌಕದ ಗೂಡು ಕಂಡರೆ ಆಚೆ ಬದಿಯಲ್ಲಿ ದಾರಿ ಇದೆಯೇ ಎಂದು ಹುಡುಕಿ ನೋಡಿ.

ಸಿಪಾಯಿಗಳ ಅಡುಗೆಮನೆ, ಬಟ್ಟೆ ಒಗೆಯುವ ಜಾಗ, ಮಲಗುವ ಕೋಣೆಗಳನ್ನು ಗೊಂಬೆಗಳಿಂದ ತೋರಿಸಿದ್ದಾರೆ. ಬೇಗ ನೋಡಿ ಮುಂದೆ ಹೋಗಬಹುದು. ಗುರಿ ಲೆಕ್ಕ ಹಾಕಿ ಆಜ್ಞೆ ಕೊಡುತ್ತಿದ್ದ ಕಮಾಂಡ್ ಕೋಣೆಯಲ್ಲಿ ಮಾತ್ರ ನಿಲ್ಲಿ. ಓಡುವ ಹಡಗಿಗೆ ಗುಂಡು ಹೊಡೆಯಬೇಕಾದರೆ ಅದು ಈಗ ಇರುವ ಕಡೆ ಗುರಿ ಇಟ್ಟರೆ ಆಗದು. ಗುಂಡು ತಲುಪುವ ಹೊತ್ತಿಗೆ ಹಡಗು ಎಲ್ಲಿರುತ್ತದೆ ಎಂದು ಲೆಕ್ಕ ಹಾಕಬೇಕು. ದೂರ, ವೇಗ, ಗಾಳಿ ಎಲ್ಲವನ್ನೂ ಸೇರಿಸಿ ಆ ಲೆಕ್ಕ ಮಾಡುತ್ತಿದ್ದದ್ದು ಇಂಥ ಕೋಣೆಗಳಲ್ಲಿ.

ಹಂತ 7: ನೀರಿನ ಅಂಚಿನ ಅವಳಿ ಫಿರಂಗಿ

ಕೆಳಗೆ ಸಮುದ್ರದ ಹತ್ತಿರ, ಗೋಪುರದಂಥ ಕಾಂಕ್ರೀಟ್ ಕಟ್ಟಡದಲ್ಲಿ ಅಕ್ಕಪಕ್ಕ ಎರಡು ಸಣ್ಣ ನಳಿಗೆಗಳ ಫಿರಂಗಿ ಇದೆ. ಸಣ್ಣದು ಎಂದು ಕಡೆಗಣಿಸಬೇಡಿ. ದೊಡ್ಡ ಫಿರಂಗಿ ನಿಧಾನ. ಟಾರ್ಪಿಡೊ ಹೊತ್ತು ವೇಗವಾಗಿ ನುಗ್ಗುವ ಪುಟ್ಟ ದೋಣಿಗೆ ಅದು ತಿರುಗುವಷ್ಟರಲ್ಲಿ ದೋಣಿ ಬಂದರಿನೊಳಗೆ ಇರುತ್ತದೆ. ಅದಕ್ಕಾಗಿ ಈ 6 ಪೌಂಡರ್ (ಸುಮಾರು 6 ಪೌಂಡ್ ತೂಕದ ಗುಂಡು ಹಾರಿಸುವ) ಅವಳಿ. ಎರಡೂ ನಳಿಗೆ ಸೇರಿ ನಿಮಿಷಕ್ಕೆ 70ರಷ್ಟು ಗುಂಡು ಹಾರಿಸಬಲ್ಲದು. ಇಲ್ಲಿ ನಿಂತಾಗ ಎದುರಿನ ದಡ ಎಷ್ಟು ಹತ್ತಿರ ನೋಡಿ. ಕೋಟೆಯನ್ನು ಇಲ್ಲೇ ಯಾಕೆ ಕಟ್ಟಿದರು ಎಂಬುದು ಎಲ್ಲಕ್ಕಿಂತ ಸ್ಪಷ್ಟವಾಗಿ ಕಾಣುವ ಜಾಗ ಇದೇ.

ಹಂತ 8: ಶರಣಾಗತಿಯ ಕೋಣೆಗಳು

ಇದನ್ನು ಕೊನೆಗೆ ಇಟ್ಟುಕೊಳ್ಳಿ. ಎರಡು ಶರಣಾಗತಿಗಳನ್ನು ಮೇಣದ ಗೊಂಬೆಗಳಿಂದ ಮರುಸೃಷ್ಟಿಸಿದ್ದಾರೆ. ಮೊದಲನೆಯದು 1942ರ ಫೆಬ್ರುವರಿ 15, ಬುಕಿತ್ ತಿಮಾದ ಫೋರ್ಡ್ ಕಾರ್ಖಾನೆ. ಬ್ರಿಟಿಷ್ ಸೇನಾಧಿಕಾರಿ ಪರ್ಸಿವಲ್ ಎದುರಿಗೆ ಜಪಾನಿನ ಯಮಶಿತ. ಎರಡನೆಯದು 1945ರ ಸೆಪ್ಟೆಂಬರ್ 12, ಸಿಟಿ ಹಾಲ್. ಈ ಸಲ ಸಹಿ ಹಾಕುವವರು ಜಪಾನಿನ ಇಟಗಾಕಿ, ಸಹಿ ಪಡೆಯುವವರು ಮೌಂಟ್‌ಬ್ಯಾಟನ್.

ನಮಗೆ ಇದು ದೂರದ ಕಥೆಯಲ್ಲ. ಸಿಂಗಪುರದಲ್ಲಿ ಸೆರೆಸಿಕ್ಕವರಲ್ಲಿ 40 ಸಾವಿರಕ್ಕೂ ಹೆಚ್ಚು ಭಾರತೀಯ ಸೈನಿಕರಿದ್ದರು. ನಮ್ಮ ಮೈಸೂರು ಸಂಸ್ಥಾನದ ಸೈನ್ಯದ 1ನೇ ಮೈಸೂರು ಇನ್‌ಫೆಂಟ್ರಿಯೂ ಅಲ್ಲಿತ್ತು. ಶರಣಾಗತಿಯಾಗಿ ಎರಡು ದಿನಕ್ಕೆ, ಫೆಬ್ರುವರಿ 17ರಂದು, ಭಾರತೀಯ ಸೈನಿಕರನ್ನು ಫ್ಯಾರರ್ ಪಾರ್ಕ್ ಮೈದಾನದಲ್ಲಿ ಸೇರಿಸಿದರು. ಆಜಾದ್ ಹಿಂದ್ ಫೌಜಿನ ಹುಟ್ಟು ಅಲ್ಲಿಂದಲೇ. ಲಿಟ್ಲ್ ಇಂಡಿಯಾದ ಪಕ್ಕದ ಫ್ಯಾರರ್ ಪಾರ್ಕ್ ಮೆಟ್ರೊ ನಿಲ್ದಾಣದಲ್ಲಿ ಹತ್ತಿ ಇಳಿಯುವ ನಮ್ಮವರಿಗೆ ಈ ವಿಷಯ ಗೊತ್ತಿರಬೇಕು ಎಂದು ನನ್ನ ಆಸೆ.

ಇದೇ ದ್ವೀಪದ ಇನ್ನೊಂದು ಸಂಗತಿಯನ್ನೂ ಮರೆಯುವಂತಿಲ್ಲ. ಶರಣಾಗತಿಯ ನಂತರದ ವಾರಗಳಲ್ಲಿ ಜಪಾನಿಯರು ಸಿಂಗಪುರದ ಚೀನೀ ಮೂಲದ ಗಂಡಸರನ್ನು ಆರಿಸಿ ಆರಿಸಿ ಕೊಂದರು. ಸುಕ್ ಚಿಂಗ್ ಎಂದು ಇದನ್ನು ಕರೆಯುತ್ತಾರೆ. ಬ್ಲಾಕಾಂಗ್ ಮಾತಿಯ ದಡಕ್ಕೆ ತೇಲಿಬಂದ ಸುಮಾರು 300 ಹೆಣಗಳನ್ನು ಜಪಾನಿಯರ ಸೆರೆಗೆ ಹೋಗಲು ಕಾದಿದ್ದ ಬ್ರಿಟಿಷ್ ಫಿರಂಗಿ ಸಿಪಾಯಿಗಳು ಹೂಳಿದರು. ಇಂದು ಎಲ್ಲರೂ ಆಡಿ ನಲಿಯುವ ದ್ವೀಪ ಇದೇ. ಗೊಂಬೆಗಳ ಜೊತೆ ಸೆಲ್ಫಿ ತೆಗೆಯುವ ಮುಂಚೆ ಫಲಕಗಳನ್ನು ಓದಿ ಎಂದು ಮಕ್ಕಳಿಗೆ ಹೇಳಿ.

ಹಿರಿಯರು, ಗಾಲಿಕುರ್ಚಿ, ಪುಟ್ಟ ಮಕ್ಕಳು

ಲಿಫ್ಟ್ ಮತ್ತು ಸ್ಕೈವಾಕ್ ಇರುವುದರಿಂದ ಮೇಲಿನ ಭಾಗದವರೆಗೆ ಗಾಲಿಕುರ್ಚಿಯಲ್ಲೂ ಹೋಗಬಹುದು. ಸುರಂಗ ಮತ್ತು ಕೆಳಗಿನ ಭಾಗಗಳಲ್ಲಿ ಮೆಟ್ಟಿಲು, ಇಳಿಜಾರು ಇವೆ. ಮಂಡಿನೋವಿನ ಅಪ್ಪ ಅಮ್ಮ ಜೊತೆಗಿದ್ದರೆ ಸ್ಕೈವಾಕ್, ಮೇಲಿನ ಫಿರಂಗಿಗಳು, ಶರಣಾಗತಿಯ ಕೋಣೆಗಳು, ಇಷ್ಟು ಸಾಕು. ಪೂರ್ತಿ ನೋಡುವವರು ಎರಡೂವರೆಯಿಂದ ಮೂರು ಗಂಟೆ ಇಟ್ಟುಕೊಳ್ಳಿ. ಪುಟ್ಟ ಮಕ್ಕಳಿಗೆ ಸುರಂಗದ ಗೊಂಬೆಗಳೂ ಸ್ಪೀಕರಿನ ಫಿರಂಗಿ ಸದ್ದೂ ಹೆದರಿಕೆ ತರಬಹುದು, ಮೊದಲೇ ಹೇಳಿಡಿ.

ಹಂತ 9: ಇನ್ನರ್ಧ ದಿನ ಇದ್ದರೆ

ಎದುರಿನ ದಡದ ಲ್ಯಾಬ್ರಡಾರ್ ಉದ್ಯಾನಕ್ಕೆ ಹೋಗಿ. ಹಾರ್ಬರ್‌ಫ್ರಂಟಿನಿಂದ ಸರ್ಕಲ್ ಲೈನಿನಲ್ಲಿ ಸ್ವಲ್ಪ ದೂರ, ಲ್ಯಾಬ್ರಡಾರ್ ಪಾರ್ಕ್ ಎಂದೇ ನಿಲ್ದಾಣವಿದೆ. ಬಾಗಿಲಿನ ಇನ್ನೊಂದು ಕದ ಇದು. ಅಲ್ಲಿನ ಫಿರಂಗಿ ನೆಲೆಯಿಂದ ಸಿಲೋಸೊ ಕಡೆ ನೋಡಿದರೆ, ಎರಡೂ ಕೋಟೆಗಳ ಗುಂಡು ನಡುನೀರಿನಲ್ಲಿ ಹೇಗೆ ಕೂಡುತ್ತಿತ್ತು ಎಂದು ಊಹಿಸಬಹುದು. ಸಂಜೆಯ ಹೊತ್ತು ನಡೆಯಲೂ ಚೆನ್ನಾಗಿದೆ.

ಇನ್ನೊಂದು ದಿನವೇ ಇದ್ದರೆ ಉತ್ತರದ ಕ್ರಾಂಜಿ ಯುದ್ಧ ಸ್ಮಾರಕ. ಕ್ರಾಂಜಿ ಮೆಟ್ರೊ ನಿಲ್ದಾಣದಿಂದ ನಡೆದು ಹೋಗಬಹುದು, ಆದರೆ ನೆರಳು ಕಡಿಮೆ. 4,400ಕ್ಕೂ ಹೆಚ್ಚು ಸಮಾಧಿಗಳಿವೆ. ಸಮಾಧಿಯೇ ಇಲ್ಲದ 24 ಸಾವಿರಕ್ಕೂ ಹೆಚ್ಚು ಜನರ ಹೆಸರುಗಳು ಸ್ಮಾರಕದ ಗೋಡೆಕಂಬಗಳ ಮೇಲಿವೆ. ಧರ್ಮದ ಪದ್ಧತಿಯಂತೆ ದಹನವಾದ ಸುಮಾರು 800 ಸೈನಿಕರಿಗೆ ಬೇರೆಯೇ ಸ್ಮಾರಕವಿದೆ, ಅವರಲ್ಲಿ ಹೆಚ್ಚಿನವರು ಆಗಿನ ಭಾರತದವರು. ಕಂಬಗಳ ಮೇಲಿನ ಹೆಸರುಗಳನ್ನು ರೆಜಿಮೆಂಟ್ ಪ್ರಕಾರ ಜೋಡಿಸಿದ್ದಾರೆ. ನಿಮ್ಮ ಮನೆತನದ ಯಾರಾದರೂ ಮಲಯಾ ಯುದ್ಧಕ್ಕೆ ಹೋಗಿ ಹಿಂದಿರುಗದಿದ್ದರೆ, ಹೊರಡುವ ಮುಂಚೆ ಅವರ ಹೆಸರು, ರೆಜಿಮೆಂಟ್ ಮನೆಯವರಿಂದ ಕೇಳಿ ತಿಳಿದುಕೊಳ್ಳಿ. ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಜಾಲತಾಣದಲ್ಲಿ ಹೆಸರು ಹಾಕಿ ಹುಡುಕಿದರೆ ಕಂಬದ ಸಂಖ್ಯೆಯೂ ಸಿಗುತ್ತದೆ. ಅದನ್ನು ಬರೆದಿಟ್ಟುಕೊಂಡು ಹೋದರೆ ಬಿಸಿಲಿನಲ್ಲಿ ಒಂದೊಂದೇ ಕಂಬ ಹುಡುಕುವ ಕಷ್ಟ ತಪ್ಪುತ್ತದೆ.